ಎಡಗಡೆ ಚಕ್ರ

ಚುಂಯ್!

ವರ್ಷಿಣಿ ತನ್ನ ವಾಟರ್ ಬಾಟಲಿಯಿಂದ ಕಾರಿನ ಎಡಗಡೆ ಮುಂದಿನ ಚಕ್ರಕ್ಕೆ ನೀರು ಚಿಮುಕಿಸಿದ್ದಳು. ಬಲಗಡೆ ಚಕ್ರಕ್ಕೂ ಚಿಮುಕಿಸಿ ನೋಡಿದಳು. ಅದು ಸುಮ್ಮನೆ ಒದ್ದೆಯಾಯಿತು.

"ಅಪ್ಪಾ, ಎಡಗಡೇದ್ರ ಮೇಲೆ ದೋಸೆ ಹುಯ್ಬೋದು! ಬ್ರೇಕ್ ಒತ್ತದೇನೇ ಹಿಡ್ಕೊಂಡಿದೆ. ಭಲೇ ರಿಪೇರಿ ಕಣಪ್ಪ ನಿಂದು!"

ಭಾನುವಾರ ಅಪ್ಪ ಒಂಟಿಕೊಪ್ಪಲಿನ ಮನೆ ಮುಂದೆ ತಾವೇ ಬ್ರೇಕ್ ಪ್ಯಾಡ್ ಬದಲಾಯಿಸಿದ್ದರು. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ನಾಲ್ಕು ಸಲ ಕನ್ನಡಕ ಹುಡುಕಿಕೊಂಡು! ಎಂಥಾ ಮೆಕ್ಯಾನಿಕ್! ಇವತ್ತು ಸ್ಕೂಲಿಗೆ ಹೊರಟ ಕಾರು ಮುಲುಗುತ್ತಾ, ಸುಟ್ಟ ವಾಸನೆ ಬಿಡುತ್ತಾ ಅರ್ಧ ದಾರಿಗೇ ಸುಸ್ತಾಗಿತ್ತು. ಇದನ್ನು ಇಡೀ ಕ್ಲಾಸಿಗೆ ಹೇಳಿ ನಗಿಸಬೇಕು ಎಂದುಕೊಂಡಳು ವರ್ಷಿಣಿ.

ಹತ್ತಿರದಲ್ಲೇ ಮೂಗಯ್ಯನ ಗ್ಯಾರೇಜಿತ್ತು. ಅಪ್ಪ ಕೆಲಸ ಮಾಡುವ ಬ್ಯಾಂಕಿನಲ್ಲೇ ಅವನ ಖಾತೆ. ಅವನು ಜಾಕ್ ಕೊಟ್ಟು ಚಕ್ರ ಬಿಚ್ಚಿದ.

"ಯಾರ್ ಸಾರ್ ಈ ಘನಕಾರ್ಯ ಮಾಡಿರೋದು?"

"ನಾನೇ," ಅಂದರು ಅಪ್ಪ.

ಮೂಗಯ್ಯ ಬೆರಳುದ್ದದ ಪಿನ್ನೊಂದನ್ನು ಕಷ್ಟಪಟ್ಟು ಎಳೆದು ತೋರಿಸಿದ. "ಇದು ಜಾರಿದ್ರೆ ತಾನೆ ಬ್ರೇಕ್ ಬಿಡೋದು? ಇನ್ನೊಂದ್ ಪಿನ್ನು ಚೆನ್ನಾಗೈತೆ. ಇದು ಬರೀ ತುಕ್ಕು! ತುದೀಗ್ ಮಾತ್ರ ಗ್ರೀಸ್ ಮೆತ್ತವ್ರೆ. ಕಣ್ ಕಾಣಲ್ವಾ ಸಾರ್ ನಿಮ್ಗೆ?"

ವರ್ಷಿಣಿಯ ನಗು ಅಲ್ಲೇ ನಿಂತಿತು.

ಭಾನುವಾರ ಎಡಗಡೆಯ ಎರಡು ಪಿನ್ ಒರೆಸಿ ಗ್ರೀಸ್ ಹಚ್ಚುವ ಕೆಲಸ ಅವಳದಾಗಿತ್ತು. ಹಠ ಮಾಡಿ ಕೇಳಿ ಪಡೆದದ್ದು. ಒಂದನ್ನು ನೀಟಾಗಿ ಮಾಡಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಸುಪ್ರೀತ್ ಶಟಲ್ ಆಡಲು ಕರೆದಿದ್ದ. ಇನ್ನೊಂದನ್ನು ಹೊರಗೆ ತೆಗೆಯದೆ, ಕಾಣುವ ತುದಿಗೆ ಗ್ರೀಸ್ ಮೆತ್ತಿ, "ಆಯ್ತಪ್ಪಾ!" ಎಂದು ಓಡಿದ್ದಳು.

ಅಪ್ಪ ಅವಳ ಕಡೆ ನೋಡಲಿಲ್ಲ. "ಹೌದಪ್ಪ, ನಾನೇ ಸರಿಯಾಗಿ ನೋಡ್ಬೇಕಿತ್ತು," ಅಂದರು.

ಮೂಗಯ್ಯ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. "ಬ್ಯಾಂಕಲ್ ಕೂತ್ಕೊಂಡ್ ಸೀಲ್ ಹೊಡೀರಿ ಸಾರ್, ಸ್ಪ್ಯಾನರ್ ಮುಟ್ಬೇಡಿ. ಪಾಪ, ಮಗು ಬೇರೆ ಕೂರುಸ್ಕೊಂಡ್ ಬಂದ್ಬುಟ್ಟವ್ರೆ!"

ಸ್ಕೂಟರ್ ರಿಪೇರಿಗೆ ಬಂದಿದ್ದವರೂ ಕಿಸಕ್ಕನೆ ನಕ್ಕರು. ಅಪ್ಪನ ಕಿವಿ ಕೆಂಪಾಯಿತು. ಆದರೂ ಅವರು ಮಗಳ ಹೆಸರೆತ್ತಲಿಲ್ಲ.

ವರ್ಷಿಣಿಗೆ ನಾಚಿಕೆಯಾಯಿತು. ಅವಳು ಮುಂದೆ ಬಂದಳು.

"ಅಂಕಲ್, ಅಪ್ಪ ಅಲ್ಲ. ಆ ಪಿನ್ನು ನಾನ್ ಮಾಡಿದ್ದು."

ನಗು ನಿಂತಿತು. ಮೂಗಯ್ಯ ಅಪ್ಪನನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಪಿನ್ನನ್ನೂ ಒಂದು ಉಪ್ಪು ಕಾಗದವನ್ನೂ ಅವಳ ಕೈಗಿಟ್ಟ.

ವರ್ಷಿಣಿ ಯೂನಿಫಾರಂ ಲಂಗ ಮುದುರಿಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಉಜ್ಜತೊಡಗಿದಳು.

"ಸಾಕು ಬಾರಮ್ಮ, ಸ್ಕೂಲಿಗೆ ಲೇಟಾಯ್ತು," ಅಂದರು ಅಪ್ಪ.

"ಇರಪ್ಪಾ," ಅಂದಳು, ತಲೆ ಎತ್ತದೆ. "ಇನ್ನೂ ತುಕ್ಕಿದೆ."