ಲ್ಯಾಬಿಗೆ ಬಂದ ದರ್ಜಿ

“ಬಂದ್ರಾ? ಮೂರು ದಿನದಿಂದ ಕಾಯ್ತಾ ಇದ್ದೀನಿ. ಫೋಕಸ್ ನಿಲ್ತಾನೇ ಇಲ್ಲ, ನೋಡಿ.”

ಲ್ಯಾಬ್ ಡಾಕ್ಟರು ಮೈಕ್ರೋಸ್ಕೋಪಿನ ಮುಂದಿನ ಸ್ಟೂಲನ್ನು ಬಾಗಿಲಲ್ಲಿ ನಿಂತವನತ್ತ ತಳ್ಳಿದಳು. ಅವನು ಕೂತು ತಿರುಪನ್ನು ಎರಡು ಸಲ ತಿರುಗಿಸಿದ.

“ಮೇಡಂ, ನಾನು ರಿಪೇರಿಯವನಲ್ಲ, ದರ್ಜಿ. ಹೊಲಿಗೆ ಮೆಷಿನ್ ಆಗಿದ್ರೆ ಬಿಚ್ಚಿ ಹಾಕ್ತಿದ್ದೆ.”

“ಮತ್ಯಾಕೆ ಬಂದ್ರಿ?”

“ನನ್ನ ಅನ್ನನಾಳದಲ್ಲಿ ಕ್ಯಾನ್ಸರ್ ಅಂತ ನೀವೇ ರಿಪೋರ್ಟ್ ಬರೆದಿದ್ದೀರಿ. ನ್ಯೂರೋಎಂಡೋಕ್ರೈನ್... ಹೇಳೋಕೇ ನಾಲಿಗೆ ತೊಡರುತ್ತೆ. ಒಂದ್ಸಲ ಕಣ್ಣಾರೆ ನೋಡ್ಬೇಕು ಅನ್ನಿಸ್ತು.”

ಅಳುತ್ತಾ ಬಂದವರಿದ್ದರು, ಜಗಳಕ್ಕೆ ಬಂದವರಿದ್ದರು. ನೋಡಲು ಬಂದವನು ಇವನೊಬ್ಬನೇ. ಅವಳು ಅವನ ಸ್ಲೈಡನ್ನು ಹುಡುಕಿ, ಪಕ್ಕದ ಮೈಕ್ರೋಸ್ಕೋಪಿಗಿಟ್ಟಳು. ಸಾಸಿವೆ ಚೆಲ್ಲಿದಂತೆ ನೇರಳೆ ಚುಕ್ಕಿಗಳು.

“ನರದ ಗುಣ, ಹಾರ್ಮೋನಿನ ಗುಣ ಎರಡೂ ಇರೋ ಜೀವಕೋಶಗಳು. ಅನ್ನನಾಳದಲ್ಲಿ ತೀರಾ ಅಪರೂಪ. ಹನ್ನೊಂದು ವರ್ಷದಲ್ಲಿ ನಾನು ನೋಡಿದ್ದು ನಿಮ್ಮದೊಂದೇ. ಎರಡು ದಿನ ನೋಡ್ತಾನೇ ಇದ್ದೆ.”

“ನನ್ನನ್ನ ಅಷ್ಟು ಹೊತ್ತು ಯಾರೂ ನೋಡಿಲ್ಲ ಬಿಡಿ.”

ಅವನು ಓರೆಗಣ್ಣಲ್ಲಿ ನೋಡಿ ನಕ್ಕ. ಅವಳು ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದಳು.

ಮೂರು ವಾರಕ್ಕೊಮ್ಮೆ ಕೀಮೋ. ಪ್ರತಿ ಸಲವೂ ಅದು ಮುಗಿದ ಮೇಲೆ ದರ್ಜಿ ಒಂದು ಪ್ರಶ್ನೆ ಹೊತ್ತು ಲ್ಯಾಬಿಗೆ ಇಳಿಯುತ್ತಿದ್ದ. ಕೂದಲೇ ಯಾಕೆ ಉದುರುತ್ತೆ? ಬೇಗ ಬೆಳೆಯೋದನ್ನೆಲ್ಲ ಔಷಧಿ ಹೊಡೆಯುತ್ತೆ, ಕೂದಲೂ ಬೇಗ ಬೆಳೆಯುತ್ತಲ್ಲ, ಎಂದು ಅವಳು ಬಿಡಿಸಿ ಹೇಳುತ್ತಿದ್ದಳು. ಅವನು ಬರುವ ದಿನ ಅವಳು ಬೆಳಿಗ್ಗೆಯಿಂದಲೇ ಬಾಗಿಲು ನೋಡತೊಡಗಿದಳು.

ನಾಲ್ಕನೇ ಸಲ ಅವನು ಬರಲಿಲ್ಲ. ಎಂದೂ ವಾರ್ಡಿಗೆ ಹೋಗದವಳು ಮೂರು ಮಹಡಿ ಹತ್ತಿದಳು. ಜ್ವರದಲ್ಲಿ ಮಲಗಿದ್ದ ಅವನಿಗೆ ಅಕ್ಕ ಚಮಚದಲ್ಲಿ ನೀರು ಕುಡಿಸುತ್ತಿದ್ದಳು.

“ಲ್ಯಾಬಿನವರಾ? ಇವನಿಗೆ ಮೂರು ಹೊತ್ತೂ ನಿಮ್ಮದೇ ಜಪ,” ಎಂದ ಅಕ್ಕ, ತುಂಬಿದ್ದ ಫ್ಲಾಸ್ಕನ್ನೇ ತುಂಬಿಸಿ ತರುತ್ತೇನೆಂದು ಹೊರಗೆ ಹೋದಳು.

“ಇವತ್ತಿನ ಪ್ರಶ್ನೆ?” ಮಾಸ್ಕಿನೊಳಗಿಂದ ಅವಳು ಕೇಳಿದಳು.

“ವಾಸಿ ಆಗ್ತೀನಾ ಅಂತ ಕೇಳಲ್ಲ. ಅದು ನಿಮಗೂ ಗೊತ್ತಿಲ್ಲ.”

“ಗೊತ್ತಿಲ್ಲ. ಗಡ್ಡೆ ಅರ್ಧಕ್ಕೆ ಇಳಿದಿದೆ. ಆದ್ರೆ ವಾಪಸ್ ಬರೋ ಜಾತಿಯದು.”

“ಹಾಗಾದ್ರೆ ಇದನ್ನ ಹೇಳಿ. ನೀವ್ಯಾಕೆ ಮೇಲೆ ಬಂದ್ರಿ?”

ಇದಕ್ಕೆ ಪುಸ್ತಕ ತೆರೆಯಬೇಕಿರಲಿಲ್ಲ.

“ನೀವು ಬರ್ಲಿಲ್ಲ, ಭಯ ಆಯ್ತು. ನೀವಂದ್ರೆ ನನಗಿಷ್ಟ.”

ಹೊಲಿಗೆ ಸೂಜಿಯಿಂದ ಜಡ್ಡುಗಟ್ಟಿದ ಅವನ ಬೆರಳುಗಳು ಹೊದಿಕೆಯ ಮೇಲೆ ಸರಿದು ಅವಳ ಕೈ ಮುಟ್ಟಿದವು.

“ಎಷ್ಟು ದಿನದ ಮಾತೋ ಏನೋ. ಯೋಚ್ನೆ ಮಾಡಿ.”

“ಯೋಚ್ನೆ ಮಾಡೇ ಮೆಟ್ಟಿಲು ಹತ್ತಿದ್ದು,” ಎಂದು ಅವಳು ಹಾಸಿಗೆ ಪಕ್ಕದ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.