ತಂಬೂರಿ ಮಾರಿದ ಮೇಲೆ

"ಅಜ್ಜಿ ಒಪ್ಪಿದ್ದಾರಾ?"

ಅರಸೀಕೆರೆಯಿಂದ ಬಂದಿದ್ದ ಹಳೇ ಸಾಮಾನಿನ ವ್ಯಾಪಾರಿ ಸಮ್ಯಕ್ ತಂಬೂರಿಯ ಧೂಳು ಒರೆಸುತ್ತಾ ತಲೆಯೆತ್ತಿದ. ಅವನ ನೋಟ ನೇರವಾಗಿ ಮೇಧಿನಿಯ ಕಣ್ಣಿಗೆ ತಾಗಿತು.

"ಒಪ್ಪಿದ್ದಾರೆ," ಎಂದುಬಿಟ್ಟಳು.

ಸುಳ್ಳು!

ಅಜ್ಜಿ ಚೆಲುವಾಂಬ ದೇವಸ್ಥಾನಕ್ಕೆ ಹೋಗಿದ್ದರು. ಅಜ್ಜಿ, ಮೊಮ್ಮಗಳು ಇಬ್ಬರೂ ಬೇಲೂರಿನಲ್ಲೇ ಚಿಕ್ಕ ಮನೆಗೆ ಹೋಗಬೇಕಿತ್ತು. ಅಜ್ಜಿ ಒಂದು ಚೊಂಬನ್ನೂ ಬಿಡಲು ತಯಾರಿರಲಿಲ್ಲ. ಮೇಧಿನಿಯ ತಾಳ್ಮೆ ಕೆಟ್ಟಿತ್ತು. ತಾತ ಹೋದಮೇಲೆ ಯಾರೂ ಮೀಟದ ತಂಬೂರಿ ತಾನೇ...

ಸಂಜೆ ಅಜ್ಜಿ ಕೇಳಿದಾಗ, "ತಂತಿ ಹೋಗಿತ್ತಲ್ಲ ಅಜ್ಜಿ... ಅರಸೀಕೆರೆ ಅಂಗಡಿಗೆ ರಿಪೇರಿಗೆ ಕೊಟ್ಟೆ," ಎಂದಳು.

"ಒಳ್ಳೇದಾಯ್ತು ಕಣೇ! ಬರ್ಲಿ, ನಿಂಗೂ ಹೇಳ್ಕೊಡ್ತೀನಿ."

ಮೇಧಿನಿ ಊಟದ ತಟ್ಟೆ ಸರಿಸಿ ಎದ್ದಳು.

ಮನೆಯ ಹಿತ್ತಾಳೆ ಪಾತ್ರೆಗಳನ್ನೂ ಕೊಳ್ಳುವ ವಿಷಯಕ್ಕೆಂದು ಸಮ್ಯಕ್ ಫೋನ್ ಮಾಡುತ್ತಿದ್ದ. ಪಾತ್ರೆಗಳ ಮಾತು ಮುಗಿದರೂ ಅವರ ಮಾತು ಮುಗಿಯುತ್ತಿರಲಿಲ್ಲ. ಹಳೇಬೀಡಿನ ಕೆರೆ ಏರಿಯ ಮೇಲೆ ನಡೆಯುತ್ತಾ ಒಂದು ದಿನ ಅವನೇ, "ಅಜ್ಜಿ ಹತ್ರ ನಮ್ಮ ಮದುವೆ ಮಾತಾಡ್ಲಾ?" ಎಂದ.

ಬಂದೇಬಿಟ್ಟ. ಅರಸೀಕೆರೆಯ ಅಂಗಡಿಯವನೆಂದು ತಿಳಿದೊಡನೆ ಅಜ್ಜಿಯ ಮುಖ ಅರಳಿತು.

"ನೀವೇನಾ? ನಮ್ಮ ತಂಬೂರಿ ರಿಪೇರಿ ಇನ್ನೂ ಆಗ್ಲಿಲ್ವೇನಪ್ಪಾ?"

ಸಮ್ಯಕ್‌ನ ಮುಖ ಬಿಳಿಚಿಕೊಂಡಿತು. 'ಏನಾದ್ರೂ ಹೇಳಿ ಕಾಪಾಡಿ...' ಮೇಧಿನಿ ಕಣ್ಣಲ್ಲೇ ಬೇಡಿಕೊಂಡಳು.

"ಅದನ್ನ ಮೇಧಿನಿಯವರೇ ಹೇಳ್ತಾರೆ ಅಜ್ಜಿ," ಎಂದವನೇ ಎದ್ದು ಹೊರಟುಹೋದ.

'ನನ್ನ ಕೈಬಿಟ್ಟುಬಿಟ್ಟ!' ಅವನ ಮೇಲೆ ಸಿಟ್ಟು ಉಕ್ಕಿತು. ಆದರೆ ಸುಳ್ಳು ಹೇಳಿದ್ದು ಯಾರು? ಅಳುತ್ತಾ ಅಜ್ಜಿಯ ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳಿದಳು.

ಅಜ್ಜಿ ಬೈಯಲಿಲ್ಲ.

"ಕೇಳಿದ್ರೆ ನಾನೇ ಕೊಡ್ತಿದ್ನೋ ಏನೋ... ನೀನು ಕೇಳ್ಲೇ ಇಲ್ವಲ್ಲೇ," ಎಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು!

ಮರುದಿನ ಬೆಳಗ್ಗೆಯೇ ಮೇಧಿನಿ ಅರಸೀಕೆರೆ ಬಸ್ಸು ಹತ್ತಿದಳು.

"ತಂಬೂರಿ ವಾಪಸ್ ಕೊಡಿ. ಆಮೇಲೆ ನಿಮ್ಮ ಮುಂದೆ ಬರಲ್ಲ."

"ಚಿಕ್ಕಮಗಳೂರಿನ ರೆಸಾರ್ಟಿಗೆ ಕೊಟ್ಟುಬಿಟ್ಟಿದ್ದೀನಿ. ನಿನ್ನೆಯಿಂದ ಬೇಡ್ಕೊಳ್ತಾ ಇದ್ದೀನಿ... ಕೊಡಲ್ಲ ಅಂತಿದ್ದಾರೆ."

ಅವಳ ಕಣ್ಣೀರು ಉಕ್ಕಿತು. "ನನ್ನನ್ನ ಕಂಡ್ರೆ ಅಸಹ್ಯ ಆಗಿರ್ಬೇಕು ನಿಮಗೆ."

"ಇಲ್ಲ ಮೇಧಿನಿ, ನನ್ನ ಮೇಲೇ ಅಸಹ್ಯ! ಅವತ್ತು 'ಒಪ್ಪಿದ್ದಾರೆ' ಅಂದಾಗ ನಿಮ್ಮ ತುಟಿ ನಡುಗಿದ್ದು ನೋಡಿದ್ದೆ. ಒಳ್ಳೇ ಮಾಲು ಕೈತಪ್ಪಬಾರ್ದು ಅಂತ ಸುಮ್ಮನಾದೆ. ನಿನ್ನೆ ಎದ್ದು ಹೋಗಿದ್ದೂ ಅದಕ್ಕೇ... ಅಜ್ಜಿ ಮುಂದೆ ಕೂರೋಕಾಗ್ಲಿಲ್ಲ."

ಸಮ್ಯಕ್ ಅಂಗಡಿಯ ಬೀಗದಕೈ ಕೈಗೆತ್ತಿಕೊಂಡ.

"ನಡೀರಿ," ಎಂದ. "ನನ್ನ ತಪ್ಪನ್ನ ನಾನೇ ಹೇಳ್ಬೇಕು."

ಅಂಗಡಿಯ ಬಾಗಿಲೆಳೆದು ಅವಳ ಜೊತೆ ಬೇಲೂರಿಗೆ ಬಂದ. ಅವನು ಹೇಳುವಷ್ಟೂ ಹೊತ್ತು ಅಜ್ಜಿ ಕಿಟಕಿಯಾಚೆ ನೋಡುತ್ತಿದ್ದರು. ಕ್ಷಮಿಸಿದೆ ಎನ್ನಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು:

"ಅದಿರೋ ಕಡೆ ನನ್ನ ಒಂದ್ಸಲ ಕರ್ಕೊಂಡು ಹೋಗ್ತೀರಾ... ಇಬ್ಬರೂ?"

ಸಮ್ಯಕ್ ಮೆಲ್ಲಗೆ ಮೇಧಿನಿಯತ್ತ ಬಾಗಿದ.

"ಇಬ್ಬರೂ ಅಂದ್ರು..."

ಅವಳು ಅಳುತ್ತಲೇ ಅವನ ಬೆರಳು ಹಿಡಿದಳು.

"ಕೇಳಿಸ್ತು ಕಣೋ."