ಬದು ದಾಟಿದ ಟ್ರ್ಯಾಕ್ಟರು

"ಸಿಟ್ಟು ಹೊತ್ಕೊಂಡು ಮಾತ್ರ ಇದನ್ನ ಹತ್ತಬೇಡಿ," ಎಂದಳು ಟ್ರ್ಯಾಕ್ಟರು ಮಾರುತ್ತಿದ್ದ ಹೆಂಗಸು. ಶೆಡ್ಡಿನ ಹೊರಗೇ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ.

ಅವಳ ಗಂಡ ಪ್ರತಿ ಉಳುಮೆಗೂ ಬದುವನ್ನು ಒಂದೊಂದು ಸಾಲು ಒತ್ತಿ ತಮ್ಮನ ಹೊಲಕ್ಕೆ ನುಗ್ಗಿದ್ದನಂತೆ. ತಮ್ಮ ಮಾಟ ಮಾಡಿಸಿದನಂತೆ. ಆಮೇಲೆ ಯಾರ ಮೇಲೆ ಹಲ್ಲು ಕಡಿಯುತ್ತ ಹತ್ತಿದರೂ ಈ ಗಾಡಿ ಅವರನ್ನೇ ಹುಡುಕಿಕೊಂಡು ಹೋಗುತ್ತಿತ್ತಂತೆ. ಈಗ ಆ ಮನೆಯಲ್ಲಿ ಗಂಡಸರೇ ಉಳಿದಿರಲಿಲ್ಲ.

"ಹಾಗಾದ್ರೆ ಡೀಸೆಲ್ ಖರ್ಚೇ ಇಲ್ಲ ಅನ್ನಿ," ಎಂದು ಕೊಳ್ಳಲು ಬಂದವನು ನಕ್ಕ.

ಜೊತೆಗಿದ್ದ ಅವನ ಹೆಂಡತಿಯ ತಮ್ಮ ನಗಲಿಲ್ಲ. ಗ್ಯಾರೇಜಿನವನು, ಗಾಡಿಯ ಸುತ್ತ ಬಗ್ಗಿ, ಎದ್ದು, ತಟ್ಟಿ ನೋಡುತ್ತಿದ್ದ. ಹಿಂದಿನ ಟೈರುಗಳು ಸವೆದಿವೆ, ಕ್ಲಚ್ಚು ಹೆಚ್ಚು ದಿನ ಬಾಳುವುದಿಲ್ಲ ಎಂದ. ಎಂಜಿನ್ನು ಮಾತ್ರ ಕಲ್ಲಿನ ಹಾಗಿದೆ, ಎತ್ತಿದ ನೇಗಿಲೂ ಕೆಳಗೆ ಜಾರುವುದಿಲ್ಲ ಎಂದ. ಆಮೇಲೆ ಸೀಟು ಎತ್ತಿದ. ಸ್ಪ್ರಿಂಗಿನ ನಡುವೆ ಕೂದಲಿನಲ್ಲಿ ಸುತ್ತಿದ ಮೊಳೆಗಳ ಗಂಟು, ಒಣಗಿದ ರಕ್ತದ ಬಣ್ಣದ್ದು. ಸುಟ್ಟ ಕೂದಲಿನ ವಾಸನೆ ಮುಖಕ್ಕೆ ಹೊಡೆಯಿತು.

"ಬೇರೆ ಗಾಡಿ ನೋಡೋಣ ಭಾವ."

ಭಾವ ಗಂಟನ್ನು ಕಿತ್ತು ಚರಂಡಿಗೆ ಎಸೆದ. ಅವನ ಲೆಕ್ಕ ಆಗಲೇ ಮುಗಿದಿತ್ತು. ಆಸ್ತಿ ಪಾಲಾದಾಗಿನಿಂದ ಪ್ರತಿ ಬಿತ್ತನೆಗೂ ಅಣ್ಣನ ಟ್ರ್ಯಾಕ್ಟರಿಗಾಗಿ ಅವನ ಗೇಟಿನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಅಣ್ಣ ಒಳಗಿಂದಲೇ, ನಾಳೆ ನೋಡೋಣ ಎನ್ನುವನು. ಆ ನಾಳೆ ಬರುವಷ್ಟರಲ್ಲಿ ನೆಲದ ಹಸಿ ಆರಿ, ಬೀಜ ಬೂದಿಗೆ ಬಿದ್ದಂತಾಗುತ್ತಿತ್ತು. ಇನ್ನು ಆ ಗೇಟಿನ ಮುಂದೆ ನಿಲ್ಲಬೇಕಿಲ್ಲ. ಈ ಒಂದು ಲಾಭದ ಮುಂದೆ ಟೈರೇನು, ಕ್ಲಚ್ಚೇನು, ಮಾಟವೇನು.

ಮಳೆ ಬಿದ್ದ ಮರುದಿನವೇ ಬೆಳಿಗ್ಗೆ ಹೊಲಕ್ಕಿಳಿದ. ಬದುವಿನ ಮೇಲೆ ಅಣ್ಣ ನಿಂತಿದ್ದ. ಗಡಿಕಲ್ಲನ್ನು ಕಿತ್ತು ಈಚೆಗೆ ನೆಡುತ್ತಿದ್ದ, ಟ್ರ್ಯಾಕ್ಟರಿನ ಮೇಲಿದ್ದ ತಮ್ಮನ ಕಣ್ಣೆದುರೇ.

"ಗುಜರಿ ತಂದ್ಯಾ? ತೂಕಕ್ಕೆ ಹಾಕು, ಹೆಂಡತಿಗೊಂದು ಸೀರೆ ಆದ್ರೂ ಬರುತ್ತೆ."

ತಮ್ಮ ಹಲ್ಲು ಕಡಿದ. ಇಷ್ಟು ವರ್ಷ ನುಂಗಿದ್ದೆಲ್ಲ ಗಂಟಲಿಗೆ ಬಂತು. ಇವನು ಸಾಯಬಾರದೇ ಎನಿಸಿತು.

ಸೀಟು ಕೆಂಡವಾಯಿತು. ಸುಟ್ಟ ಕೂದಲಿನ ವಾಸನೆ. ಸ್ಟೀರಿಂಗು ತಾನಾಗಿ ಹೊರಳಿತು. ಬ್ರೇಕು ಒತ್ತಿದ, ಕೆಸರು ತುಳಿದ ಹಾಗೆ ಒಳಗೆ ಹೋಯಿತು. ಎಂಜಿನ್ನು ಆರಿಸುವ ಹಿಡಿ ಎಳೆದ. ಕಿತ್ತು ಕೈಗೆ ಬಂತು.

"ಅಣ್ಣ, ಪಕ್ಕಕ್ಕೆ ಸರಿ. ನಿಲ್ತಾ ಇಲ್ಲ ಇದು."

ಅಣ್ಣ ಎದೆ ಸೆಟೆಸಿದ. "ಹತ್ತಿಸೋ. ನಿನ್ನ ಗಂಡಸ್ತನ ನೋಡೇಬಿಡ್ತೀನಿ."

ಸರಿಯುವವನಲ್ಲ. ಅಪ್ಪನ ಹಟವೇ. ತಮ್ಮ ಧುಮುಕಿದ. ಗಾಡಿಗಿಂತ ಮುಂದೆ ಓಡಿದ. ಅಣ್ಣನ ಎದೆಗೆ ಗುದ್ದಿ ಆಚೆ ತಳ್ಳಿದ. ಕಾಲು ಜಾರಿತು. ಮುಂದಿನ ಗಾಲಿ ತೊಡೆಯ ಮೇಲೆ ಹತ್ತಿತು. ಮೂಳೆ ಒಡೆದದ್ದು ಅವನಿಗೇ ಕೇಳಿಸಿತು.

ಎಂಜಿನ್ನು ತಾನಾಗಿ ನಿಂತಿತು.

ಅಣ್ಣ ಎದ್ದು ಬಂದ. ತುಟಿ ಒಡೆದಿತ್ತು. ಕಣ್ಣು ಕೆಂಪಾಗಿತ್ತು. "ನನ್ನ ಕೊಲ್ಲೋಕೇ ತಂದಿದ್ದು ಅಲ್ವೇನೋ ಇದನ್ನ?" ಆದರೂ ಅಣ್ಣನೇ. ಕೆಸರಲ್ಲಿ ಬಿದ್ದವನನ್ನು ನೋಡಿ ಹಲ್ಲು ಕಚ್ಚಿದ. "ಅಲುಗಾಡಬೇಡ. ಹಿಂದಕ್ಕೆ ತೆಗೀತೀನಿ."

ಬೇಡ ಎನ್ನಲು ತಮ್ಮ ಬಾಯಿ ತೆರೆದ. ಬಾಯಿ ತುಂಬ ಮಣ್ಣು. ಅಣ್ಣ ಬೈಯುತ್ತಲೇ ಹತ್ತಿ ಕೂತ. ಎಂಜಿನ್ನು ಮೊದಲ ತಿರುವಿಗೇ ಗುಡುಗಿತು. ಅಣ್ಣ ಗೇರನ್ನು ಹಿಂದಕ್ಕೇ ಹಾಕಿದ. ಕೆಳಗೆ ಬಿದ್ದವನು ಅದನ್ನು ಕಣ್ಣಾರೆ ಕಂಡ.

ಗಾಲಿ ಮುಂದಕ್ಕೆ ಉರುಳಿತು.